ಹೆರಿಗೆ ಹೊತ್ತಿನ ಆಂಟಿಬಯಾಟಿಕ್: ಕೂಸಿಗೆ ಎಷ್ಟು ಲಾಭ, ಎಷ್ಟು ತೊಂದರೆ?

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಯಾವ ಹೆರಿಗೆ ವಾರ್ಡಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ಬ್ಯಾನಿ ಶುರುವಾದ ಹುಡುಗಿಗೆ ಸಿಸ್ಟರ್ ಸಲಾಯಿನ್ ಹಚ್ಚುತ್ತಾರೆ. ಅದರ ಜೊತೆಗೇ ಒಂದು ಇಂಜೆಕ್ಷನ್ ಕೊಡುತ್ತಾರೆ. 'ಇದು ಯಾಕ್ರೀ?' ಅಂತ ತಾಯಿಯೋ ಅತ್ತೆಯೋ ಕೇಳುತ್ತಾರೆ. 'ಇನ್ಫೆಕ್ಷನ್ ಆಗಬಾರ್ದಂತ' ಅನ್ನುವ ಉತ್ತರ ಬರುತ್ತದೆ. 'ಕೂಸಿಗೇನೂ ಆಗೂದಿಲ್ಲ ಹೌದಲ್ರೀ?' ಅನ್ನುವ ಎರಡನೇ ಪ್ರಶ್ನೆ ಬರುವ ಹೊತ್ತಿಗೆ ಸಿಸ್ಟರ್ ಪಕ್ಕದ ಬೆಡ್ಡಿಗೆ ಹೋಗಿರುತ್ತಾರೆ.

ಆ ಎರಡನೇ ಪ್ರಶ್ನೆಗೆ ಉತ್ತರ ಇದೆ. ಆದರೆ ಅದು ಹೌದು, ಇಲ್ಲ ಅನ್ನುವಷ್ಟು ಚಿಕ್ಕದಲ್ಲ. ಇಂಜೆಕ್ಷನ್ ಯಾಕೆ ಕೊಟ್ಟರು ಅನ್ನುವುದರ ಮೇಲೆ ಅದು ನಿಂತಿದೆ. ಕಾರಣ ಇದ್ದು ಕೊಟ್ಟರೆ ಕೂಸಿಗೆ ಆಗುವ ತೊಂದರೆ ಸಣ್ಣದು, ಲಾಭ ದೊಡ್ಡದು. ಕಾರಣವೇ ಇಲ್ಲದೆ, ಸುಮ್ನೆ ಇರಲಿ ಅಂತ ಕೊಟ್ಟರೆ ಕೂಸಿಗೆ ಲಾಭ ಸಿಗುತ್ತದೆ ಅನ್ನಲು ಪುರಾವೆ ಇಲ್ಲ. ಆಗ ಸಣ್ಣ ತೊಂದರೆಯೂ ನಷ್ಟದ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಕಡೆ ಜಾಸ್ತಿ ಮಾತಾಡಬೇಕಿರುವುದು ಈ ಎರಡನೇ ಬಗೆಯ ಬಗ್ಗೆ ಅನ್ನುವುದು ನನ್ನ ಅಭಿಪ್ರಾಯ.

ಒಂದು ಬ್ಯಾಕ್ಟೀರಿಯಾದಿಂದ ಶುರುವಾದ ಕಥೆ

ಹೆರಿಗೆ ಬ್ಯಾನಿಯ ಹೊತ್ತಿಗೆ ತಾಯಿಗೆ ಆಂಟಿಬಯಾಟಿಕ್ ಕೊಟ್ಟು ಕೂಸನ್ನು ಕಾಪಾಡಬಹುದು ಎಂಬ ವಿಚಾರ ಗಟ್ಟಿಯಾಗಿದ್ದು ಅಮೆರಿಕದಲ್ಲಿ. ಅದಕ್ಕೆ ಕಾರಣ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ವೈದ್ಯರು ಇದನ್ನು ಜಿಬಿಎಸ್ ಅಂತ ಕರೆಯುತ್ತಾರೆ. (2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾದ ಜಿಬಿಎಸ್ ಬೇರೆ, ಅದು ನರಕ್ಕೆ ಸಂಬಂಧಿಸಿದ ಕಾಯಿಲೆ. ಇಲ್ಲಿ ಅದನ್ನು ಕಲಸಿಕೊಳ್ಳಬೇಡಿ.) ಈ ಬ್ಯಾಕ್ಟೀರಿಯಾ ಹೆಂಗಸರ ಕರುಳಿನಲ್ಲಿ, ಯೋನಿಯಲ್ಲಿ ಸುಮ್ಮನೆ ಇರುತ್ತದೆ. ತಾಯಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಅದು ಲೈಂಗಿಕ ರೋಗವೂ ಅಲ್ಲ, ಸ್ವಚ್ಛತೆ ಇಲ್ಲದವರಿಗೆ ಬರುವಂಥದ್ದೂ ಅಲ್ಲ. ಆದರೆ ಹೆರಿಗೆಯ ಹೊತ್ತಿಗೆ ಕೂಸಿಗೆ ದಾಟಿಕೊಂಡರೆ, ಕೆಲವು ಕೂಸುಗಳಲ್ಲಿ ರಕ್ತಕ್ಕೆ, ಪುಪ್ಪುಸಕ್ಕೆ, ಮೆದುಳಿನ ಪೊರೆಗೆ ನಂಜು ಹತ್ತುತ್ತದೆ. ಅದೂ ಹುಟ್ಟಿದ ಮೊದಲ ಒಂದೆರಡು ದಿನದಲ್ಲೇ.

ಲೆಕ್ಕ ಹೀಗಿದೆ. ಬ್ಯಾಕ್ಟೀರಿಯಾ ಇರುವ ತಾಯಂದಿರ ಕೂಸುಗಳಲ್ಲಿ ಸುಮಾರು ಅರ್ಧಕ್ಕೆ ಅದು ದಾಟುತ್ತದೆ. ಔಷಧಿ ಕೊಡದೇ ಹೋದರೆ ಇಂಥ ತಾಯಂದಿರ ಕೂಸುಗಳಲ್ಲಿ ನೂರಕ್ಕೆ ಒಂದೋ ಎರಡೋ ಗಂಭೀರವಾಗಿ ಕಾಯಿಲೆ ಬೀಳುತ್ತವೆ. ಬ್ಯಾನಿಯ ಹೊತ್ತಿಗೆ ತಾಯಿಯ ರಕ್ತನಾಳಕ್ಕೆ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಕೊಟ್ಟರೆ ಅದು ಮಾಸು ದಾಟಿ ಕೂಸಿನ ರಕ್ತಕ್ಕೂ ಹೋಗುತ್ತದೆ. ಜೊತೆಗೆ ಹೆರಿಗೆ ದಾರಿಯಲ್ಲಿರುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಕೂಸು ಹುಟ್ಟುವುದಕ್ಕೆ ಕನಿಷ್ಠ 4 ತಾಸು ಮೊದಲು ಮೊದಲ ಡೋಸ್ ಬಿದ್ದಿದ್ದರೆ ರಕ್ಷಣೆ ಚೆನ್ನಾಗಿ ಸಿಗುತ್ತದೆ. ಆಂಪಿಸಿಲಿನ್ ಆದರೆ ಮೊದಲು 2 ಗ್ರಾಂ, ಆಮೇಲೆ ಹೆರಿಗೆಯಾಗುವ ತನಕ ನಾಲ್ಕು ತಾಸಿಗೊಮ್ಮೆ 1 ಗ್ರಾಂ. ತಿಂಗಳು ಮೊದಲೇ ಗುಳಿಗೆ ನುಂಗಿದರೆ ಉಪಯೋಗವಿಲ್ಲ. ಹೆರಿಗೆ ಹೊತ್ತಿಗೆ ಬ್ಯಾಕ್ಟೀರಿಯಾ ಮತ್ತೆ ಬಂದಿರುತ್ತದೆ.

ಅಮೆರಿಕದಲ್ಲಿ 1996ರಲ್ಲಿ ಮೊದಲ ರಾಷ್ಟ್ರೀಯ ಮಾರ್ಗಸೂಚಿ ಬಂತು. 2002ರಿಂದ ಎಲ್ಲ ಗರ್ಭಿಣಿಯರಿಗೂ ಹೆರಿಗೆಗೆ ಕೆಲವು ವಾರ ಮೊದಲು ಸ್ವ್ಯಾಬ್ ಪರೀಕ್ಷೆ ಮಾಡುವುದು ರೂಢಿಯಾಯಿತು. 1990ರ ಹೊತ್ತಿಗೆ ಅಲ್ಲಿ ಪ್ರತಿ ಸಾವಿರ ಕೂಸುಗಳಿಗೆ 1.8ರಷ್ಟು ಇದ್ದ ಈ ಕಾಯಿಲೆ 2015ಕ್ಕೆ 0.23ಕ್ಕೆ ಇಳಿಯಿತು. ಇದು ದೊಡ್ಡ ಗೆಲುವು. ಹಾಗಂತ ಶ್ರೀಮಂತ ದೇಶಗಳೆಲ್ಲ ಇದೇ ದಾರಿ ಹಿಡಿದಿಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಅಪಾಯದ ಲಕ್ಷಣ ಇದ್ದವರಿಗೆ ಮಾತ್ರ ಕೊಡುತ್ತಾರೆ.

ಅಲ್ಲಿಯ ಲೆಕ್ಕ ಇಲ್ಲಿಗೆ ಕೂಡುವುದಿಲ್ಲ

ಈ ಗೆಲುವಿನ ಕಥೆ ಕೇಳಿದವರು 'ಹಾಗಾದರೆ ನಮ್ಮಲ್ಲೂ ಎಲ್ಲರಿಗೂ ಕೊಟ್ಟುಬಿಡೋಣ' ಅನ್ನಬಹುದು. ಆದರೆ ನಮ್ಮ ಕೂಸುಗಳನ್ನು ಕಾಡುವ ಬ್ಯಾಕ್ಟೀರಿಯಾಗಳೇ ಬೇರೆ.

2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ನೂರಕ್ಕೆ ಸುಮಾರು 18 ಗರ್ಭಿಣಿಯರಲ್ಲಿ ಜಿಬಿಎಸ್ ಇರುತ್ತದೆ. ದಕ್ಷಿಣ ಏಷ್ಯಾದಲ್ಲಿ ಅದು 12ರ ಆಸುಪಾಸು. ಅಂದರೆ ಇಲ್ಲಿ ಅದು ಇಲ್ಲವೇ ಇಲ್ಲ ಅಂತಲ್ಲ, ಕಡಿಮೆ. ಇನ್ನು ನವಜಾತ ಶಿಶುಗಳ ನಂಜಿನ ಬಗ್ಗೆ ನಮ್ಮ ದೇಶದ ದೊಡ್ಡ ಅಧ್ಯಯನ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳದ್ದು, 2016ರಲ್ಲಿ ಹೊರಬಂತು. ತೀವ್ರ ನಿಗಾ ಘಟಕಕ್ಕೆ ಸೇರಿದ 13,530 ಕೂಸುಗಳನ್ನು ಅಲ್ಲಿ ಹಿಂಬಾಲಿಸಿದರು. ನೂರಕ್ಕೆ 14 ಕೂಸುಗಳಿಗೆ ನಂಜು ಕಂಡಿತು. ಅದರಲ್ಲಿ ಮೂರನೇ ಎರಡು ಪಾಲು ಹುಟ್ಟಿದ 72 ತಾಸಿನೊಳಗೆ. ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಸಿಕ್ಕಿದ್ದು ಮುಖ್ಯವಾಗಿ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಜಿಬಿಎಸ್ ತೀರಾ ವಿರಳ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಇವೆಲ್ಲ ಆಸ್ಪತ್ರೆಯಲ್ಲಿ ಬೀಡುಬಿಡುವಂಥವು. ಸಿಂಕು, ಸಕ್ಷನ್ ಪೈಪು, ಕೂಸನ್ನು ಬೆಚ್ಚಗಿಡುವ ವಾರ್ಮರಿನ ಹಾಸಿಗೆ, ತೆರೆದಿಟ್ಟ ಔಷಧಿ ಬಾಟಲಿ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಕೈ. ಕೂಸು ಹುಟ್ಟಿದ ಮೇಲೆ ಅದನ್ನು ಎತ್ತಿಕೊಳ್ಳುವ, ಒರೆಸುವ, ಸೂಜಿ ಚುಚ್ಚುವ ಕೈ. ಇವುಗಳಲ್ಲಿ ಎಷ್ಟೋ ತಳಿಗಳು ಆಂಪಿಸಿಲಿನ್‌ಗೆ ಬಿಡಿ, ಅದಕ್ಕಿಂತ ಎಷ್ಟೋ ಜೋರಿನ ಔಷಧಿಗೂ ಜಗ್ಗುವುದಿಲ್ಲ. ದೆಹಲಿಯ ಅಧ್ಯಯನ ಎಲ್ಲರನ್ನೂ ಹೆದರಿಸಿದ್ದು ಈ ಕಾರಣಕ್ಕೇ. ತಾಯಿಗೆ ಬ್ಯಾನಿಯ ಹೊತ್ತಿಗೆ ಕೊಟ್ಟ ಒಂದು ಇಂಜೆಕ್ಷನ್ ಇವುಗಳನ್ನು ತಡೆಯುತ್ತದೆ ಅಂತ ನಂಬಲು ಕಾರಣವಿಲ್ಲ.

ಆದ್ದರಿಂದ 'ಕೂಸಿನ ಸಲುವಾಗಿ' ಎಲ್ಲರಿಗೂ ಆಂಟಿಬಯಾಟಿಕ್ ಅನ್ನುವ ಮಾತಿಗೆ ನಮ್ಮಲ್ಲಿ ತಳಪಾಯ ಗಟ್ಟಿ ಇಲ್ಲ. ಇದು ಬರೀ ತರ್ಕ ಅಂತ ಯಾರಾದರೂ ಅಂದರೆ, ಪರೀಕ್ಷಿಸಿ ನೋಡಿದ ಉದಾಹರಣೆಯೂ ಇದೆ. ಅದರ ಒಂದು ಭಾಗ ನಡೆದದ್ದು ಧಾರವಾಡದ ಮಗ್ಗುಲಲ್ಲೇ.

ಬೆಳಗಾವಿಯಲ್ಲಿ ಸಿಕ್ಕ ಉತ್ತರ

ಎ-ಪ್ಲಸ್ ಎಂಬ ಹೆಸರಿನ ಅಂತರರಾಷ್ಟ್ರೀಯ ಪ್ರಯೋಗವೊಂದು 2019ರಿಂದ 2022ರವರೆಗೆ ಏಳು ದೇಶಗಳಲ್ಲಿ ನಡೆಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೆನ್ಯಾ, ಜಾಂಬಿಯಾ, ಕಾಂಗೊ, ಗ್ವಾಟೆಮಾಲ. ಭಾರತದಲ್ಲಿ ಎರಡು ಕಡೆ ಕೇಂದ್ರ ಇತ್ತು, ಒಂದು ನಾಗಪುರ, ಇನ್ನೊಂದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು. ಅಂದರೆ ನಮ್ಮದೇ ಭಾಷೆ, ನಮ್ಮದೇ ರೊಟ್ಟಿ, ನಮ್ಮ ಹಾಗೇ ತವರುಮನೆಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು. ದೂರದ ದೇಶದ ಲೆಕ್ಕ ನಮಗೆ ಕೂಡುವುದಿಲ್ಲ ಅನ್ನುವ ತಕರಾರು ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಸಹಜ ಹೆರಿಗೆಗೆ ಸಜ್ಜಾಗಿದ್ದ 29,278 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ಯಾನಿಯ ಹೊತ್ತಿಗೆ ಅಜಿಥ್ರೊಮೈಸಿನ್ 2 ಗ್ರಾಂ, ಒಂದೇ ಸಲ, ಬಾಯಿಯಿಂದ. ಇನ್ನೊಂದು ಗುಂಪಿಗೆ ನೋಡಲು ಹಾಗೇ ಕಾಣುವ, ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ.

2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ನಂಜು ಅಥವಾ ಸಾವು, ಔಷಧಿ ತಗೊಂಡವರಲ್ಲಿ ನೂರಕ್ಕೆ 1.6, ತಗೊಳ್ಳದವರಲ್ಲಿ 2.4. ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಈ ಲಾಭ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಹಾಗೆ ಕಡಿಮೆಯಾಗಿದ್ದು ಮುಖ್ಯವಾಗಿ ನಂಜು. ಸಾವಿನ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಇತ್ತು.

ಕೂಸುಗಳ ಕಥೆ? ಹೊಟ್ಟೆಯಲ್ಲೇ ಸತ್ತದ್ದು, ಹುಟ್ಟಿದ ಮೇಲೆ ಸತ್ತದ್ದು, ನಂಜಾದದ್ದು ಎಲ್ಲ ಸೇರಿಸಿದರೆ ಔಷಧಿ ಗುಂಪಿನಲ್ಲಿ ನೂರಕ್ಕೆ 10.5, ಔಷಧಿ ಇಲ್ಲದ ಗುಂಪಿನಲ್ಲಿ 10.3. ಅಂದರೆ ವ್ಯತ್ಯಾಸವೇ ಇಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಮತ್ತು ಬುರ್ಕಿನಾ ಫಾಸೊದಲ್ಲಿ ಸುಮಾರು 12 ಸಾವಿರ ಹೆಂಗಸರ ಮೇಲೆ ನಡೆದ ಇನ್ನೊಂದು ಪ್ರಯೋಗವೂ ಅದೇ ವರ್ಷ ಅದನ್ನೇ ಹೇಳಿತು. ಕೂಸಿನ ನಂಜು, ಸಾವು ಕಡಿಮೆಯಾಗಲಿಲ್ಲ.

ಈ ಫಲಿತಾಂಶವನ್ನು ಎರಡು ರೀತಿ ಓದಬಹುದು, ಎರಡೂ ಸರಿ. ಕೂಸಿಗೆ ಹೆದರುವವರಿಗೆ ಇದು ಸಮಾಧಾನ. ಇಷ್ಟು ಸಾವಿರ ಹೆಂಗಸರಿಗೆ ಕೊಟ್ಟರೂ ಮೊದಲ ಆರು ವಾರದಲ್ಲಿ ಕೂಸುಗಳಿಗೆ ಎದ್ದು ಕಾಣುವ ಕೇಡು ಆಗಲಿಲ್ಲ. 'ಕೂಸಿನ ಸಲುವಾಗಿ ಕೊಡ್ತೀವಿ' ಅನ್ನುವವರಿಗೆ ಇದು ಎಚ್ಚರಿಕೆ. ಕೂಸಿಗೆ ಲಾಭವೂ ಆಗಲಿಲ್ಲ. ತಾಯಿಯ ಸಲುವಾಗಿ ಕೊಡಬೇಕೇ ಅನ್ನುವುದು ಬೇರೆಯೇ ಚರ್ಚೆ. ವರ್ಷಕ್ಕೆ ಕೋಟಿಗಟ್ಟಲೆ ಹೆರಿಗೆ ಆಗುವ ದೇಶದಲ್ಲಿ ಎಲ್ಲರಿಗೂ ಅಜಿಥ್ರೊಮೈಸಿನ್ ಕೊಟ್ಟರೆ ಅದು ಎಷ್ಟು ವರ್ಷ ಕೆಲಸ ಮಾಡುತ್ತದೆ? ಕೆಮ್ಮು ಬಂದರೂ ಅದೇ, ಗಂಟಲು ನೋವು ಬಂದರೂ ಅದೇ ಅಂತ ಮೆಡಿಕಲ್ ಶಾಪಿನಲ್ಲಿ ಮೂರು ದಿನದ ಸ್ಟ್ರಿಪ್ ತಗೊಂಡು ಬರುವ ಊರು ನಮ್ಮದು.

ಔಷಧಿ ಕೂಸಿಗೆ ಏನು ಮಾಡುತ್ತದೆ

ಈಗ ಅಮ್ಮಂದಿರ ಅಸಲಿ ಪ್ರಶ್ನೆಗೆ ಬರೋಣ. ಪೆನಿಸಿಲಿನ್, ಆಂಪಿಸಿಲಿನ್, ಸೆಫಜೊಲಿನ್ ಇವು ದಶಕಗಳಿಂದ ಗರ್ಭಿಣಿಯರಿಗೆ ಕೊಡುತ್ತಾ ಬಂದಿರುವ ಔಷಧಿಗಳು. ಕೂಸಿನ ಅಂಗಾಂಗಕ್ಕೆ ಇವು ನೇರ ಹಾನಿ ಮಾಡುವುದು ಕಂಡಿಲ್ಲ. ತಕ್ಷಣದ ಅಪಾಯ ಇರುವುದು ತಾಯಿಯ ಅಲರ್ಜಿಯಲ್ಲಿ. ತೀವ್ರ ಅಲರ್ಜಿ ತೀರಾ ಅಪರೂಪ. ಆದರೆ ಆಯಿತೆಂದರೆ ತಾಯಿಯ ಬಿಪಿ ಕುಸಿದು ಕೂಸಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ 'ಹಿಂದೆ ಪೆನಿಸಿಲಿನ್ ತಗೊಂಡಾಗ ಮೈಯೆಲ್ಲಾ ದದ್ದು ಎದ್ದಿತ್ತು, ಉಸಿರು ಕಟ್ಟಿತ್ತು' ಅನ್ನುವ ಸಂಗತಿ ಇದ್ದರೆ ಬ್ಯಾನಿ ಬರುವ ಮೊದಲೇ ತಾಯಿ ಕಾರ್ಡಿನಲ್ಲಿ ಬರೆಸಿ. ಬ್ಯಾನಿ ಬಂದ ಮೇಲೆ ಯಾರಿಗೂ ನೆನಪಾಗುವುದಿಲ್ಲ.

ನಿಧಾನಕ್ಕೆ ಆಗುವ ಬದಲಾವಣೆ ಕೂಸಿನ ಕರುಳಿನಲ್ಲಿ. ಹುಟ್ಟಿದ ಕೂಸಿನ ಕರುಳು ಹದ ಮಾಡಿದ ಹೊಲ ಇದ್ದ ಹಾಗೆ. ಮೊದಲು ಯಾವ ಬೀಜ ಬೀಳುತ್ತದೆ ಅನ್ನುವುದಕ್ಕೆ ಬೆಲೆ ಇದೆ. ಸಹಜ ಹೆರಿಗೆಯಲ್ಲಿ ತಾಯಿಯ ಬ್ಯಾಕ್ಟೀರಿಯಾಗಳು ಕೂಸಿಗೆ ಸಿಗುತ್ತವೆ, ಆಮೇಲೆ ಎದೆಹಾಲು ಒಳ್ಳೆಯವನ್ನು ಬೆಳೆಸುತ್ತದೆ. ಬ್ಯಾನಿಯ ಹೊತ್ತಿಗೆ ಆಂಟಿಬಯಾಟಿಕ್ ಬಿದ್ದರೆ ಮೊದಲ ವಾರಗಳಲ್ಲಿ ಬೈಫಿಡೊಬ್ಯಾಕ್ಟೀರಿಯಾ, ಬ್ಯಾಕ್ಟೀರಾಯ್ಡಿಸ್‌ನಂಥ ಒಳ್ಳೆಯ ಗುಂಪುಗಳು ಕಡಿಮೆ ಇರುವುದನ್ನು ಬೇರೆ ಬೇರೆ ದೇಶಗಳ ಅಧ್ಯಯನಗಳು ಕಂಡಿವೆ. ಬರೀ ಎದೆಹಾಲು ಕುಡಿಯುವ ಕೂಸುಗಳಲ್ಲಿ ಈ ವ್ಯತ್ಯಾಸ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ.

ಇದರಿಂದ ಮುಂದೆ ದಮ್ಮು, ಅಲರ್ಜಿ, ಬೊಜ್ಜು ಬರುತ್ತದೆಯೇ? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹೆದರಿಸುವ ಮಾತು ಬೇಕಾದಷ್ಟು ಸಿಗುತ್ತದೆ. ಕೆಲವು ಅಧ್ಯಯನಗಳಲ್ಲಿ ನಂಟು ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಆಂಟಿಬಯಾಟಿಕ್ ಬೇಕಾದ ತಾಯಿಗೆ ಜ್ವರ, ಸಿಸೇರಿಯನ್, ಅವಧಿಗೆ ಮೊದಲಿನ ಹೆರಿಗೆ ಇವೂ ಇರುತ್ತವೆ. ಯಾವುದರಿಂದ ಏನಾಯಿತು ಅಂತ ಬಿಡಿಸುವುದು ಕಷ್ಟ. ಸ್ವಲ್ಪ ಗಟ್ಟಿಯಾದ ಪುರಾವೆ ಬ್ರಿಟನ್ನಿನಿಂದ ಬಂದಿದೆ. ಅಲ್ಲಿ ಮೊದಲು ಸಿಸೇರಿಯನ್‌ನಲ್ಲಿ ಹೊಕ್ಕುಳಬಳ್ಳಿ ಕಟ್ಟಿದ ಮೇಲೆ ಆಂಟಿಬಯಾಟಿಕ್ ಕೊಡುತ್ತಿದ್ದರು, ಕೂಸಿಗೆ ತಲುಪಬಾರದು ಅಂತ. ಆಮೇಲೆ ಹೊಟ್ಟೆ ಕೊಯ್ಯುವ ಮೊದಲೇ ಕೊಡುವ ಪದ್ಧತಿ ಬಂತು. ಎರಡೂ ಕಾಲದ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಹೋಲಿಸಿ 2022ರಲ್ಲಿ ವರದಿ ಮಾಡಿದರು. ಔಷಧಿ ಕೂಸಿಗೆ ತಲುಪಿದ ಕಾಲದಲ್ಲಿ ದಮ್ಮು, ಎಕ್ಸಿಮಾ (ಚರ್ಮದ ಇಸಬು) ಹೆಚ್ಚಾಗಿರಲಿಲ್ಲ. ಒಂದು ಡೋಸಿನ ಮಟ್ಟಿಗೆ ಇದು ನೆಮ್ಮದಿ ಕೊಡುವ ಸುದ್ದಿ.

ಆದರೆ 'ಕೊಟ್ಟರೆ ಏನ್ ಹೋಗ್ತದ?' ಅನ್ನುವವರು ಒಂದು ಹಳೆಯ ಪ್ರಯೋಗವನ್ನು ನೆನಪಿಡಬೇಕು. ಅದರ ಹೆಸರು ಒರಾಕಲ್, ಅದರಲ್ಲಿ ಎರಡು ಭಾಗ, 2001ರಲ್ಲಿ ಫಲಿತಾಂಶ ಬಂತು. ದಿನ ತುಂಬುವ ಮೊದಲೇ ನೀರು ಹೋದ ಹೆಂಗಸರಿಗೆ ಎರಿಥ್ರೊಮೈಸಿನ್ ಕೊಟ್ಟಾಗ ಕೂಸುಗಳಿಗೆ ಒಳ್ಳೆಯದಾಯಿತು. ಅದೇ ಗುಂಪಿನಲ್ಲಿ ಕೋ-ಅಮಾಕ್ಸಿಕ್ಲಾವ್ ಕೊಟ್ಟಾಗ ಕೂಸುಗಳ ಕರುಳು ಕೊಳೆಯುವ ಗಂಭೀರ ಕಾಯಿಲೆ ಹೆಚ್ಚಾಯಿತು. ಇನ್ನೊಂದು ಭಾಗದಲ್ಲಿ, ಅವಧಿಗೆ ಮೊದಲೇ ಬ್ಯಾನಿ ಬಂದರೂ ನೀರು ಹೋಗಿರದ, ಸೋಂಕಿನ ಲಕ್ಷಣ ಇರದ ಹೆಂಗಸರಿಗೆ ಕೊಟ್ಟರು. ಆಗ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಏಳು ವರ್ಷದ ನಂತರ ಆ ಮಕ್ಕಳನ್ನು ಮತ್ತೆ ನೋಡಿದಾಗ ಬೇರೆ ಚಿತ್ರ ಬಂತು. ಎರಿಥ್ರೊಮೈಸಿನ್ ಸಿಕ್ಕಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 3.3 ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಇತ್ತು, ಸಿಗದವರಲ್ಲಿ 1.7. ಕೋ-ಅಮಾಕ್ಸಿಕ್ಲಾವ್‌ನಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ, 3.2 ಮತ್ತು 1.9. ಒಂದೇ ಗುಳಿಗೆ, ಕಾರಣ ಇದ್ದಲ್ಲಿ ಕಾಪಾಡಿತು, ಕಾರಣ ಇಲ್ಲದಲ್ಲಿ ಕೇಡು ತಂದಿರಬಹುದು. ದಿನ ತುಂಬಿದ ಹೆರಿಗೆಯಲ್ಲಿ ಒಂದೆರಡು ಡೋಸ್ ಪೆನಿಸಿಲಿನ್‌ಗೆ ಈ ಭಯವನ್ನು ಎಳೆದು ತರಬೇಕಾಗಿಲ್ಲ. ಆ ಹೆಂಗಸರು ಬೇರೆ, ಔಷಧಿ ಬೇರೆ, ದಿನಗಟ್ಟಲೆ ಕೊಟ್ಟದ್ದು ಬೇರೆ. ಆದರೂ 'ಸುಮ್ನೆ ಇರಲಿ' ಅನ್ನುವ ಮಾತು ಅಷ್ಟು ಸುಲಭದ್ದಲ್ಲ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಈ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ತೊಡಕಿಲ್ಲದ ಸಹಜ ಹೆರಿಗೆಗೆ ಎಲ್ಲರಿಗೂ ಆಂಟಿಬಯಾಟಿಕ್ ಬೇಡ. ಕೆಳಗೆ ಸಣ್ಣ ಕೊಯ್ತ ಹಾಕಿ ಹೊಲಿಗೆ ಹಾಕಿದ ಮಾತ್ರಕ್ಕೂ ಬೇಡ. ಹೊಟ್ಟೆಯಲ್ಲೇ ಕೂಸು ಕಕ್ಕ ಮಾಡಿಕೊಂಡು ನೀರು ಹಸಿರಾದ ಮಾತ್ರಕ್ಕೂ ಬೇಡ. ನಮ್ಮ ಕಡೆ ಹೊಲಿಗೆ ಬಿದ್ದ ಬಾಣಂತಿಯ ಡಿಸ್ಚಾರ್ಜ್ ಚೀಟಿಯಲ್ಲಿ ಐದು ದಿನದ ಆಂಟಿಬಯಾಟಿಕ್ ಇಲ್ಲದಿದ್ದರೆ ಮನೆಯವರೇ ತಕರಾರು ತೆಗೆಯುತ್ತಾರೆ, 'ಪವರ್ ಗುಳಿಗಿ ಬರದಿಲ್ಲಲ್ರೀ ಡಾಕ್ಟ್ರು' ಅಂತ. ತಪ್ಪು ಬರೀ ವೈದ್ಯರದ್ದಲ್ಲ.

ಬೇಕಾದವರು ಯಾರು? ತಾಯಿಗೆ ಬ್ಯಾನಿಯ ಹೊತ್ತಿಗೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ ಬಂದು ಗರ್ಭಕೋಶದಲ್ಲಿ ಸೋಂಕಿನ ಅನುಮಾನ ಇದ್ದರೆ ತಡ ಮಾಡುವ ಹಾಗಿಲ್ಲ. ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಕೊಡುವುದು ರೂಢಿ. ಅದನ್ನು ಕೊಡದೇ ಬಿಡುವುದು ಕೂಸಿಗೆ ಮಾಡುವ ದೊಡ್ಡ ಅನ್ಯಾಯ. ದಿನ ತುಂಬುವ ಮೊದಲೇ ನೀರು ಹೋಗಿದ್ದರೂ ಕೊಡಬೇಕು. ಪರೀಕ್ಷೆಯಲ್ಲಿ ಅಥವಾ ಮೂತ್ರದಲ್ಲಿ ಜಿಬಿಎಸ್ ಸಿಕ್ಕಿದ್ದರೆ, ಹಿಂದಿನ ಕೂಸಿಗೆ ಆ ಕಾಯಿಲೆ ಬಂದಿದ್ದರೆ ಬೇಕು. ಜಿಬಿಎಸ್ ಪರೀಕ್ಷೆಯೇ ಆಗಿಲ್ಲದವರಲ್ಲಿ, ದಿನ ತುಂಬಿದ್ದರೂ ನೀರು ಹೋಗಿ 18 ತಾಸು ದಾಟಿದರೆ ಅದನ್ನು ಅಪಾಯದ ಗುರುತಾಗಿ ನೋಡುತ್ತಾರೆ. ಮಾಸು ತಾನಾಗಿ ಬೀಳದೆ ಕೈ ಹಾಕಿ ತೆಗೆದರೆ, ಗುದದ್ವಾರದವರೆಗೆ ಹರಿದಿದ್ದರೆ ತಾಯಿಗೆ ಬೇಕು. ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿ ಕೂಸನ್ನು ತೆಗೆದಾಗ ಒಂದು ಡೋಸ್ ಒಳ್ಳೆಯದು ಅಂತ ಬ್ರಿಟನ್ನಿನ 2019ರ ಪ್ರಯೋಗ ತೋರಿಸಿದೆ.

ಸಿಸೇರಿಯನ್ ಆದರೆ ಎಲ್ಲರಿಗೂ ಬೇಕು. ಇದರಲ್ಲಿ ವಾದವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ತಾಯಿಗೆ ಆಂಟಿಬಯಾಟಿಕ್ ಸಿಗಲೇಬೇಕು. ಆದರೆ ತೊಡಕಿಲ್ಲದ ಸಿಸೇರಿಯನ್‌ಗೆ ಕೊಯ್ಯುವ ಮೊದಲು ಒಂದು ಡೋಸ್ ಸಾಕು. ಆಮೇಲೆ ಮೂರು ದಿನ ಇಂಜೆಕ್ಷನ್, ಐದು ದಿನ ಗುಳಿಗೆ ಅನ್ನುವ ಸರಣಿಗೆ ಪುರಾವೆ ಇಲ್ಲ. ನನಗೆ ಅನ್ನಿಸುವುದು, ಹೆರಿಗೆ ವಾರ್ಡಿನಲ್ಲಿ ಆಂಟಿಬಯಾಟಿಕ್ ಕಡಿಮೆ ಮಾಡಬೇಕಾದ ಮೊದಲ ಜಾಗ ಇದೇ. ಇಲ್ಲಿ ಕಡಿತ ಮಾಡಿದರೆ ಯಾವ ಕೂಸಿಗೂ ನಷ್ಟವಿಲ್ಲ.

ಯಾವ ಔಷಧಿ ಅನ್ನುವುದೂ ಮುಖ್ಯ. ಪೆನಿಸಿಲಿನ್ ಗುಂಪಿನಿಂದ ಆಗುವ ಕೆಲಸಕ್ಕೆ ಸೆಫ್ಟ್ರಿಯಾಕ್ಸೋನ್ ತಗೊಳ್ಳುವುದು ದೊಡ್ಡ ಆಸ್ಪತ್ರೆಯ ಗುರುತಲ್ಲ. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್‌ನಂಥವು 2014ರಿಂದ ಎಚ್-1 ಪಟ್ಟಿಯಲ್ಲಿವೆ, ಅಂದರೆ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದ್ದರ ಲೆಕ್ಕ ಇಡಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಗುಂಪಿನವನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮನೆಯಲ್ಲಿ ಯಾರಿಗೋ ಬರೆದು ಉಳಿದ ಸ್ಟ್ರಿಪ್ಪನ್ನು ಜ್ವರ ಬಂದ ಗರ್ಭಿಣಿಗೆ ಕೊಡುವ ಅಭ್ಯಾಸ ಬಿಡಬೇಕು.

ಬಾಟ್ಲಿಯ ಭಯ, ಹಾಲಿನ ಭಯ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಆಮೇಲೆ ನಮ್ಮ ಕಡೆಯೂ 'ಬಾಟ್ಲಿ ಹಚ್ಚಬ್ಯಾಡ್ರಿ' ಅನ್ನುವವರು ಇದ್ದಾರೆ. ಅವರ ಭಯವನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಅಲ್ಲಿ ಪ್ರಶ್ನೆ ಬಂದಿದ್ದು ದ್ರಾವಣದ ತಯಾರಿಕೆ, ತಪಾಸಣೆಯ ಮೇಲೆ. ಜ್ವರ ಬಂದ ತಾಯಿಗೆ ಆಂಟಿಬಯಾಟಿಕ್ ಬೇಡ ಅನ್ನಲು ಅದು ಕಾರಣವಾಗಬಾರದು.

ಇನ್ನೊಂದು ಭಯ ಇದಕ್ಕಿಂತ ಹಳೆಯದು. 'ಔಷಧಿ ಹಾಲಿನಾಗ ಬರ್ತದ, ಎರಡು ದಿನ ಕೂಸಿಗೆ ಹಾಲು ಕುಡಿಸಬ್ಯಾಡ' ಅನ್ನುವುದು. ಹೆರಿಗೆಯ ಮೊದಲ ದಿನಗಳ ಗಿಬ್ಬದ ಹಾಲು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು, ಘುಟ್ಟಿ ಹಾಕುತ್ತಾರೆ. ಆಂಟಿಬಯಾಟಿಕ್‌ನಿಂದ ಕೂಸಿಗೆ ಆಗುವ ಹಾನಿಗಿಂತ ಇದರಿಂದ ಆಗುವ ಹಾನಿ ದೊಡ್ಡದು. ಪೆನಿಸಿಲಿನ್, ಆಂಪಿಸಿಲಿನ್, ಸೆಫಲೋಸ್ಪೋರಿನ್‌ಗಳು ಹಾಲಿನಲ್ಲಿ ತೀರಾ ಸ್ವಲ್ಪ ಬರುತ್ತವೆ. ಹೆಚ್ಚೆಂದರೆ ಕೂಸಿಗೆ ಸ್ವಲ್ಪ ತೆಳ್ಳಗೆ ಹೇಲಾಗಬಹುದು, ಬಾಯಲ್ಲಿ ಬಿಳಿ ಅಗ್ರ ಕಾಣಬಹುದು. ಹಾಲು ನಿಲ್ಲಿಸಬೇಕಾಗಿಲ್ಲ. ಔಷಧಿಯಿಂದ ಕದಡಿದ ಕರುಳನ್ನು ಮತ್ತೆ ದಾರಿಗೆ ತರುವುದೇ ಆ ಹಾಲು. ಅದನ್ನೇ ನಿಲ್ಲಿಸಿದರೆ ಹೇಗೆ?

ಚೀಟಿಯಲ್ಲಿ ಬರೆಯಬೇಕಾದ ಎರಡು ಸಾಲು

2019-21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ನಮ್ಮ ಕಡೆ ಒಂದು ಹೆರಿಗೆ ಎಷ್ಟೋ ಸಲ ಎರಡು, ಮೂರು ಆಸ್ಪತ್ರೆ ದಾಟಿ ಆಗುತ್ತದೆ. ಹಿರೇಕೆರೂರಿನಿಂದ ಹಾವೇರಿ, ಅಲ್ಲಿಂದ ಹುಬ್ಬಳ್ಳಿ. ಮುಂಡರಗಿಯಿಂದ ಗದಗ, ಅಲ್ಲಿಂದ ಹುಬ್ಬಳ್ಳಿ. ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ದೊಡ್ಡ ಸರಕಾರಿ ಆಸ್ಪತ್ರೆಗೆ ರಾತ್ರಿ ಬಂದು ಇಳಿಯುವ 108 ಆಂಬುಲೆನ್ಸ್‌ನಲ್ಲಿ ಬ್ಯಾನಿ ತಿನ್ನುತ್ತಿರುವ ಹುಡುಗಿ ಇರುತ್ತಾಳೆ, ಜೊತೆಗೆ ಮಡಚಿದ ಒಂದು ರೆಫರಲ್ ಚೀಟಿ. ಅದರಲ್ಲಿ 'ಇಂಜೆಕ್ಷನ್ ಕೊಡಲಾಗಿದೆ' ಅಂತ ಇದ್ದರೆ ಇಲ್ಲಿಯ ವೈದ್ಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಔಷಧಿ, ಎಷ್ಟು ಗಂಟೆಗೆ, ಯಾವ ಕಾರಣಕ್ಕೆ?

ಇದು ಬರೀ ಕಾಗದದ ಶಿಸ್ತಲ್ಲ. ಆ 4 ತಾಸಿನ ಲೆಕ್ಕ ಶುರುವಾಗುವುದೇ ಆ ಸಮಯದಿಂದ. ಕೂಸು ಹುಟ್ಟಿದ ಮೇಲೆ ಮಕ್ಕಳ ವೈದ್ಯರು ಅದನ್ನು ಸುಮ್ಮನೆ ನೋಡಿಕೊಂಡಿದ್ದರೆ ಸಾಕೋ, ರಕ್ತ ಪರೀಕ್ಷೆ ಬೇಕೋ, ಎಸ್‌ಎನ್‌ಸಿಯುಗೆ (ನವಜಾತ ಕೂಸುಗಳ ವಿಶೇಷ ನಿಗಾ ಘಟಕ) ಹಾಕಬೇಕೋ ಅನ್ನುವುದನ್ನು ತಾಯಿಯ ಜ್ವರ, ನೀರು ಹೋದ ಹೊತ್ತು, ಕೊಟ್ಟ ಔಷಧಿ ಈ ಮೂರನ್ನು ನೋಡಿ ತೀರ್ಮಾನಿಸುತ್ತಾರೆ. ಮಾಹಿತಿ ಇಲ್ಲದಿದ್ದರೆ ಚೆನ್ನಾಗಿರುವ ಕೂಸಿಗೂ 'ಯಾವುದಕ್ಕೂ ಇರಲಿ' ಅಂತ ಆಂಟಿಬಯಾಟಿಕ್ ಶುರುವಾಗುತ್ತದೆ. ತಾಯಿಗೆ ಕೊಟ್ಟ ಒಂದು ಡೋಸಿಗಿಂತ ಕೂಸಿಗೇ ದಿನಗಟ್ಟಲೆ ಕೊಡುವ ಇಂಜೆಕ್ಷನ್ ಅದರ ಕರುಳನ್ನು ಎಷ್ಟೋ ಹೆಚ್ಚು ಕದಡುತ್ತದೆ. ಮೇಲಾಗಿ ತಾಯಿ, ಕೂಸು ಬೇರೆ ಬೇರೆ ವಾರ್ಡಿನಲ್ಲಿ ಇರಬೇಕಾಗುತ್ತದೆ. ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ. ಬರೆಯಲು ಒಂದು ನಿಮಿಷ ಸಾಕು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಔಷಧಿ, ಪರೀಕ್ಷೆ, ರಕ್ತ, ಸಾಗಾಟ ಎಲ್ಲ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಪುಕ್ಕಟೆ. ಮಾಹಿತಿ ಕೇಳುವುದಕ್ಕಂತೂ ಹಿಂಜರಿಯಬೇಕಾಗಿಲ್ಲ.

ಆಡಳಿತದ ಕಡೆಯಿಂದ ನೋಡಿದರೆ ಕೂಸಿನ ನಂಜು ತಡೆಯುವ ಹಣ ಹೋಗಬೇಕಾದದ್ದು ನಲ್ಲಿಗೆ. ಗದಗ-ಬೆಟಗೇರಿಯಲ್ಲಿ ಕುಡಿಯುವ ನೀರಿಗೆ ದಿನಗಟ್ಟಲೆ ಕಾಯುವುದು ಹಳೇ ಕಥೆ, ಹುಬ್ಬಳ್ಳಿಯ ಎಷ್ಟೋ ಓಣಿಗಳಿಗೂ ಗೊತ್ತಿರುವ ಕಥೆ. ಹೆರಿಗೆ ಕೋಣೆಯಲ್ಲಿ ಮೊಣಕೈಯಿಂದ ತಿರುಗಿಸುವ ನಲ್ಲಿ, ಅದರಲ್ಲಿ 24 ತಾಸು ನೀರು, ಪಕ್ಕದಲ್ಲಿ ಸೋಪು, ಪ್ರತಿ ವಾರ್ಮರಿಗೂ ಕೈ ಉಜ್ಜಿಕೊಳ್ಳುವ ದ್ರಾವಣ, ಒಂದು ಕೂಸಿಗೆ ಬಳಸಿದ ಸಕ್ಷನ್ ಪೈಪು ಇನ್ನೊಂದಕ್ಕೆ ಹೋಗದ ವ್ಯವಸ್ಥೆ. ಕ್ಲೆಬ್ಸಿಯೆಲ್ಲಾ ಕೂಸಿನಿಂದ ಕೂಸಿಗೆ ದಾಟುವುದನ್ನು ತಡೆಯುವುದು ಇವು. ಹೆರಿಗೆ ಕೋಣೆಗಳ ಗುಣಮಟ್ಟಕ್ಕಂತಲೇ 2017ರಲ್ಲಿ ಶುರುವಾದ 'ಲಕ್ಷ್ಯ' ಯೋಜನೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಒಬ್ಬ ಸಿಸ್ಟರ್ ಐದಾರು ಬೆಡ್ಡು ನೋಡಬೇಕಾದ ರಾತ್ರಿ ಪಾಳಿಯಲ್ಲಿ ಪ್ರತಿ ಸಲ ಕೈ ತೊಳೆಯಿರಿ ಅನ್ನುವುದು ಹೇಳಿದಷ್ಟು ಸುಲಭವಲ್ಲ ಅನ್ನುವುದೂ ನಿಜ. ಇಂಜೆಕ್ಷನ್ ಕೊಡುವುದು ಅದಕ್ಕಿಂತ ಬೇಗ ಆಗುವ ಕೆಲಸ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಕೂಸನ್ನು ನೋಡಲು ಬರುತ್ತಾರೆ. ಡಿಸ್ಚಾರ್ಜ್ ಚೀಟಿಯನ್ನೂ ತಾಯಿ ಕಾರ್ಡನ್ನೂ ಅವರಿಗೆ ತೋರಿಸಿ. ತಾಯಿಗೆ ಆಂಟಿಬಯಾಟಿಕ್ ಬಿದ್ದಿತ್ತು ಅಂದ ಮಾತ್ರಕ್ಕೆ ಕೂಸಿಗೆ ನಂಜು ಬರುವುದೇ ಇಲ್ಲ ಅಂತಿಲ್ಲ. ಕೂಸು ಹಾಲು ಚೀಪುವುದು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿ ಮಲಗಿದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ, ಎದೆ ಒಳಗೆ ಸೇದಿಕೊಳ್ಳುತ್ತಿದ್ದರೆ, ಝಟಕೆ ಬಂದರೆ ಆಶಾ ಬರುವ ದಿನಕ್ಕೆ ಕಾಯಬೇಡಿ. ಅದೇ ತಾಸಿನಲ್ಲಿ ಹೊರಡಿ, ಚೀಟಿ ಜೊತೆಗಿರಲಿ.